ಗಡಿಯಾಚೆಯ ಮುದ್ರೆ, ಗಡಿಯೊಳಗಿನ ಗೋಡೆ: ಸರ್ವೆಯರರನ್ನು ಪ್ರಶ್ನಿಸುವುದು ಎಲ್ಲಿ?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ಅಡಿಕೆ ತೋಟ. ಅದರ ಮೇಲಿನ ಗುಡ್ಡದ ಇಳಿಜಾರು ನೆರೆಯವರ ಗೇರುತೋಟ. ನಡುವಿನ ಅಗಳು ಮುಚ್ಚಿಹೋಗಿದ್ದರಿಂದ ಕಳೆದ ವರ್ಷ ಕರ್ನಾಟಕದ ಲೈಸೆನ್ಸ್ ಇರುವ ಸರ್ವೆಯರರೊಬ್ಬರನ್ನು ಕರೆಸಿ, 8,000 ರೂಪಾಯಿ ಕೊಟ್ಟು ಅಳೆಸಿದೆವು. ನೆರೆಯವರು ಎರಡು ಸೆಂಟ್ಸಿನಷ್ಟು ನಮ್ಮ ಜಾಗಕ್ಕೆ ಇಳಿದಿದ್ದಾರೆ ಎಂದು ಅವರು ಹೇಳಿ, ‘ಸರ್ಕಾರಿ ಪರವಾನಗಿ ಪಡೆದ ಭೂಮಾಪಕ’ ಎಂಬ ಮುದ್ರೆ ಒತ್ತಿದ ನಕ್ಷೆ ಕೊಟ್ಟರು. ಅದನ್ನು ನಂಬಿ ಕೆಂಪುಕಲ್ಲಿನ ಗೋಡೆ ಕಟ್ಟಿಸಿದೆವು. ನೆರೆಯವರು ತಹಶೀಲ್ದಾರರಿಗೆ ಅರ್ಜಿ ಕೊಟ್ಟರು. ತಾಲೂಕು ಸರ್ವೆಯರ್ ಬಂದು ಅಳೆದು, ಗೋಡೆ ಇರುವುದು ನೆರೆಯವರ ಜಾಗದಲ್ಲಿ ಎಂದು ವರದಿ ಕೊಟ್ಟಿದ್ದಾರೆ. ಆ ಅಳತೆಗೆ ನಮಗೆ ನೋಟಿಸ್ ಬಂದಿರಲಿಲ್ಲ. ಮೊದಲಿನವರ ಲೈಸೆನ್ಸ್ ಇಲ್ಲಿ ನಡೆಯುತ್ತದೆಯೇ? ಅದನ್ನು ರದ್ದು ಮಾಡಿಸಲು ಎಲ್ಲಿಗೆ ದೂರು ಕೊಡಬೇಕು? ತಾಲೂಕು ಸರ್ವೆಯರರ ಮೇಲೂ ಕ್ರಮ ಸಾಧ್ಯವೇ? ಗೋಡೆಯ ನಷ್ಟವನ್ನು ಯಾರು ತುಂಬಬೇಕು?

ಉತ್ತರ: ನೀವು ಕೇಳಿರುವ ನಾಲ್ಕು ಪ್ರಶ್ನೆಗಳು ಒಂದೇ ಸಿಟ್ಟಿನಿಂದ ಹುಟ್ಟಿದವು, ಮತ್ತು ಆ ಸಿಟ್ಟು ನ್ಯಾಯವಾದದ್ದೇ. ಆದರೆ ಕಾನೂನು ಅವನ್ನು ಎರಡು ಬೇರೆ ಬೇರೆ ದಾರಿಗಳಲ್ಲಿ ಕಳುಹಿಸುತ್ತದೆ. ಗಡಿಗೆರೆಯನ್ನು ತಿದ್ದಿಸುವ ದಾರಿ ಒಂದು, ಗೆರೆ ಎಳೆದವರನ್ನು ಪ್ರಶ್ನಿಸುವ ದಾರಿ ಇನ್ನೊಂದು. ಸರ್ವೆಯರರ ಲೈಸೆನ್ಸ್ ರದ್ದಾದರೆ ನಿಮ್ಮ ಗಡಿ ಒಂದಿಂಚೂ ಸರಿಯುವುದಿಲ್ಲ. ಗಡಿ ಸರಿಹೋಯಿತು ಎಂಬ ಕಾರಣಕ್ಕೆ ಸರ್ವೆಯರರು ತಪ್ಪಿತಸ್ಥರೂ ಆಗುವುದಿಲ್ಲ. ಸರ್ವೆ ಇಲಾಖೆಯಲ್ಲಿದ್ದಷ್ಟು ಕಾಲವೂ, ನಿವೃತ್ತಿಯ ಬಳಿಕ ನ್ಯಾಯಾಲಯದ ಕಮಿಷನರುಗಳ ಜೊತೆ ಅಳತೆಗೆ ಹೋಗುತ್ತಿದ್ದಾಗಲೂ, ಈ ಎರಡನ್ನು ಕಲಸಿಕೊಂಡು ಮೇಲಿಂದ ಮೇಲೆ ಅರ್ಜಿ ಬರೆದು ವರ್ಷಗಟ್ಟಲೆ ಅಲೆದವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ಲೈಸೆನ್ಸಿನ ವಿಷಯ. ವಕೀಲರಿಗೆ 1961ರ ಅಡ್ವೊಕೇಟ್ಸ್ ಕಾಯ್ದೆಯಡಿ ಬಾರ್ ಕೌನ್ಸಿಲ್ ಇದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಡಿ ಅವರದೇ ಕೌನ್ಸಿಲ್ ಇದೆ, ಚಾರ್ಟರ್ಡ್ ಅಕೌಂಟೆಂಟರಿಗೆ 1949ರಿಂದಲೇ ಸಂಸ್ಥೆ ಇದೆ. ಇವರಲ್ಲಿ ಯಾರಾದರೂ ವೃತ್ತಿಗೆ ತಕ್ಕುದಲ್ಲದ ಕೆಲಸ ಮಾಡಿದರೆ ಅದೇ ವೃತ್ತಿಯವರ ಸಮಿತಿ ವಿಚಾರಣೆ ನಡೆಸಿ, ಹೆಸರನ್ನು ಪಟ್ಟಿಯಿಂದ ತೆಗೆಯಬಹುದು. ಭೂಮಾಪಕರಿಗೆ ಇಂಥ ಅಖಿಲ ಭಾರತ ಕೌನ್ಸಿಲ್ ಇಲ್ಲ. ಅದಕ್ಕೆ ಕಾರಣ ಸಂವಿಧಾನದಲ್ಲೇ ಇದೆ: ಏಳನೆಯ ಅನುಸೂಚಿಯ ರಾಜ್ಯಪಟ್ಟಿಯ 18ನೆಯ ನಮೂದು ಭೂಮಿಯನ್ನೂ, 45ನೆಯ ನಮೂದು ಭೂಕಂದಾಯ, ಭೂದಾಖಲೆಗಳ ನಿರ್ವಹಣೆ ಮತ್ತು ಕಂದಾಯದ ಉದ್ದೇಶದ ಸರ್ವೆಯನ್ನೂ ರಾಜ್ಯಗಳಿಗೆ ಬಿಟ್ಟುಕೊಟ್ಟಿದೆ. ಹೀಗಾಗಿ ಭೂಮಾಪಕರ ಲೈಸೆನ್ಸ್ ಎಂದರೆ ಒಂದು ರಾಜ್ಯ ತನ್ನ ಕಾನೂನಿನಡಿ, ತನ್ನ ಮೇರೆಯೊಳಗೆ, ಇಂತಿಂಥ ಕೆಲಸಕ್ಕೆ ಎಂದು ಕೊಟ್ಟ ಅಪ್ಪಣೆ. (ವಾಹನ ಅಪಘಾತ, ಬೆಂಕಿ ಅನಾಹುತಗಳ ನಷ್ಟ ಅಂದಾಜಿಸುವ ವಿಮಾ ಸರ್ವೆಯರರಿಗೆ ವಿಮಾ ನಿಯಂತ್ರಣ ಪ್ರಾಧಿಕಾರ ಕೊಡುವ ಲೈಸೆನ್ಸ್ ದೇಶವ್ಯಾಪಿಯಾದದ್ದು. ಹೆಸರು ಒಂದೇ ಆದ ಕಾರಣ ಕೆಲವರು ಇದನ್ನು ಅದರೊಂದಿಗೆ ಹೊಂದಿಸಿಬಿಡುತ್ತಾರೆ. ಆ ವೃತ್ತಿಗೂ ಜಾಗ ಅಳೆಯುವುದಕ್ಕೂ ಸಂಬಂಧವಿಲ್ಲ.)

ಕರ್ನಾಟಕದಲ್ಲಿ 1964ರ ಭೂಕಂದಾಯ ಕಾಯ್ದೆಯಡಿ ಪರವಾನಗಿ ಭೂಮಾಪಕರ ವ್ಯವಸ್ಥೆ ಇದೆ. ಜಾಗದ ಒಂದು ಭಾಗವನ್ನು ಮಾರುವ ಮುನ್ನ ಬೇಕಾಗುವ 11ಇ ನಕ್ಷೆಯಂಥ ಕೆಲಸವನ್ನು ಇಲಾಖೆ ಅವರಿಗೆ ವಹಿಸುತ್ತದೆ, ಅವರು ತಯಾರಿಸಿದ ನಕ್ಷೆಯನ್ನು ಇಲಾಖೆಯ ಸಿಬ್ಬಂದಿ ಪರಿಶೀಲಿಸಿ ಅನುಮೋದಿಸುತ್ತಾರೆ. ಎಂದರೆ ಅಲ್ಲಿ ಕೂಡ ಮುದ್ರೆಗೆ ಬೆಲೆ ಬರುವುದು ಇಲಾಖೆ ವಹಿಸಿದ ಕಡತದೊಳಗೆ ಮಾತ್ರ. ಅದೇ ಮುದ್ರೆಯನ್ನು ಗಡಿಯ ಅಡ್ಯನಡ್ಕ ದಾಟಿಸಿ ಪೆರ್ಲಕ್ಕೆ ತಂದು, ಖಾಸಗಿಯಾಗಿ ಮಾಡಿದ ಅಳತೆಯ ಕಾಗದದ ಮೇಲೆ ಒತ್ತಿದರೆ, ಕೇರಳದ ಯಾವ ಕಚೇರಿಯ ಮುಂದೆಯೂ ಅದಕ್ಕೆ ಕಾನೂನಿನ ತೂಕ ಇರುವುದಿಲ್ಲ. ಇಲ್ಲಿ ನಡೆಯುವುದು 1961ರ ಕೇರಳ ಸರ್ವೆ ಮತ್ತು ಗಡಿಗಳ ಕಾಯ್ದೆ. ಆ ಕಾಯ್ದೆ ಗಡಿಯನ್ನು ನಿರ್ಧರಿಸುವ ಅಧಿಕಾರವನ್ನು ಸರ್ವೆ ಆಫೀಸರರಿಗೆ ಕೊಟ್ಟಿದೆ. ವಿವಾದವಿಲ್ಲದ ಗಡಿಗೆ 9ನೆಯ ಕಲಮು, ವಿವಾದವಿರುವ ಗಡಿಗೆ 10ನೆಯ ಕಲಮು, ಅಪೀಲಿಗೆ 11ನೆಯ ಕಲಮು. ಖಾಸಗಿಯವರು, ಅವರು ಯಾವ ರಾಜ್ಯದವರೇ ಆಗಿರಲಿ, ಕೊಡುವ ನಕ್ಷೆ ನಿಮ್ಮ ತಿಳಿವಳಿಕೆಗೆ ಸಿಕ್ಕಿದ ಒಂದು ಅಭಿಪ್ರಾಯ. ಚೈನ್ ಸರ್ವೆ (ಸರಪಳಿ ಹಿಡಿದು ಜಾಗ ಅಳೆಯುವ ವಿದ್ಯೆ) ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ತೋರಿಸುವವರೂ ನಮ್ಮಲ್ಲಿದ್ದಾರೆ. ಅದು ಅವರು ಆ ವಿದ್ಯೆ ಕಲಿತಿದ್ದಾರೆ ಎಂಬುದಕ್ಕೆ ಸಾಕ್ಷಿ, ಅಷ್ಟೇ.

ಇಷ್ಟು ಹೇಳಿದ ಮಾತ್ರಕ್ಕೆ ಗಡಿಯಾಚೆಯಿಂದ ಬರುವವರಿಗೆಲ್ಲ ಕೆಲಸ ಗೊತ್ತಿಲ್ಲ ಎಂದು ತಿಳಿಯಬಾರದು. 1956ರ ನವೆಂಬರ್ 1ರವರೆಗೆ ಪೆರ್ಲವೂ ವಿಟ್ಲವೂ ಮದ್ರಾಸ್ ರಾಜ್ಯದ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಎರಡೂ ಕಡೆಯ ಹಳೆಯ ಗಡಿಕಲ್ಲುಗಳನ್ನು ನೆಟ್ಟದ್ದು ಒಂದೇ ಆಡಳಿತ. ಅಡಂಗಲ್ (ಗ್ರಾಮದ ಜಮೀನು ಲೆಕ್ಕದ ಪುಸ್ತಕ), ವರ್ಗ (ಪಟ್ಟೆಯ ಜಮೀನು), ಕುಮ್ಕಿ (ವರ್ಗಕ್ಕೆ ತಾಗಿದ ಸರ್ಕಾರಿ ಜಾಗ) ಎಂಬ ಮಾತುಗಳು ಎರಡೂ ಕಡೆಯ ಹಿರಿಯರ ಬಾಯಲ್ಲಿ ಇಂದಿಗೂ ಇವೆ. ಆ ಕಲ್ಲುಗಳನ್ನು ಓದುವ ವಿದ್ಯೆ ತಲಪಾಡಿಯಲ್ಲೂ ಅಡ್ಯನಡ್ಕದಲ್ಲೂ ನಿಲ್ಲುವುದಿಲ್ಲ, ಅಧಿಕಾರ ಮಾತ್ರ ಅಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಮಾತನಾಡುತ್ತಾರೆ, ಕನ್ನಡದಲ್ಲೇ ನಕ್ಷೆ ಬರೆದುಕೊಡುತ್ತಾರೆ ಎಂಬ ಕಾರಣಕ್ಕೆ ನಮ್ಮವರು ಆಚೆಯವರನ್ನು ಕರೆಸುವುದು ನನಗೆ ಅರ್ಥವಾಗುತ್ತದೆ. ಮಲಯಾಳದಲ್ಲಿರುವ ವಿಲ್ಲೇಜ್ ಆಫೀಸಿನ ಕಾಗದವನ್ನು ಓದಲಾಗದವರಿಗೆ ಕನ್ನಡದ ನಕ್ಷೆ ಕೊಡುವ ನೆಮ್ಮದಿ ಸಣ್ಣದಲ್ಲ.

ಇನ್ನು ಆ ಲೈಸೆನ್ಸ್ ರದ್ದು ಮಾಡಿಸುವ ಪ್ರಶ್ನೆ. ಅಪ್ಪಣೆ ಕೊಟ್ಟವರು ಮಾತ್ರ ಅದನ್ನು ಹಿಂತೆಗೆದುಕೊಳ್ಳಬಲ್ಲರು. ಆದ್ದರಿಂದ ಉಪ್ಪಳದ ತಾಲೂಕು ಕಚೇರಿಗೋ ಕಾಸರಗೋಡಿನ ಕಲೆಕ್ಟರರಿಗೋ ದೂರು ಕೊಟ್ಟರೆ ಅವರು ಮಾಡಬಹುದಾದದ್ದು ಏನೂ ಇಲ್ಲ. ದೂರು ಹೋಗಬೇಕಾದದ್ದು ಕರ್ನಾಟಕದಲ್ಲಿ ಆ ಭೂಮಾಪಕರಿಗೆ ಕೆಲಸ ವಹಿಸುವ ಜಿಲ್ಲೆಯ ಭೂದಾಖಲೆಗಳ ಉಪನಿರ್ದೇಶಕರಿಗೆ, ಪ್ರತಿಯೊಂದು ಬೆಂಗಳೂರಿನ ಭೂಮಾಪನ ಇಲಾಖೆಯ ಆಯುಕ್ತರಿಗೆ. ಅದಕ್ಕೂ ಮೊದಲು ಆ ಲೈಸೆನ್ಸ್ ನಿಜವಾಗಿ ಇದೆಯೇ, ಅವಧಿ ಮುಗಿದಿಲ್ಲವೇ, ಯಾವ ತಾಲೂಕಿಗೆ ಕೊಟ್ಟದ್ದು ಎಂಬುದನ್ನು ಮಾಹಿತಿ ಹಕ್ಕಿನಡಿ ಕೇಳಿಕೊಳ್ಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದೂ 150 ಪದಗಳೊಳಗೆ. ಗೋಡೆಯ ಕಥೆಯನ್ನೆಲ್ಲ ಅಲ್ಲಿ ಬರೆಯಬೇಡಿ. ಮುದ್ರೆಯಲ್ಲಿರುವ ಸಂಖ್ಯೆಯನ್ನು ಬರೆದು ಆ ಮೂರು ಸಂಗತಿಗಳನ್ನು ಮಾತ್ರ ಕೇಳಿ.

ದೂರಿನಲ್ಲಿ ಏನು ಬರೆಯಬೇಕು ಎಂಬುದು ಇದಕ್ಕಿಂತ ಮುಖ್ಯ. ‘ಅಳತೆ ತಪ್ಪಾಗಿದೆ, ಲೈಸೆನ್ಸ್ ರದ್ದು ಮಾಡಿ’ ಎಂದು ಬರೆದ ದೂರು ಸಾಮಾನ್ಯವಾಗಿ ನಿಲ್ಲುವುದಿಲ್ಲ, ಏಕೆಂದರೆ ನಿಮ್ಮ ಜಾಗವನ್ನು ಅಳೆಯಲು ಆ ಇಲಾಖೆ ಅವರನ್ನು ಕಳುಹಿಸಿರಲೇ ಇಲ್ಲ. ಅದು ನಿಮ್ಮಿಬ್ಬರ ಖಾಸಗಿ ವ್ಯವಹಾರ ಎಂದು ಹೇಳಿ ಕಡತ ಮುಚ್ಚಬಹುದು. ಇಲಾಖೆ ಗಮನಿಸಲೇಬೇಕಾದ ಸಂಗತಿ ಬೇರೆ ಇದೆ. ಅದು ಕೊಟ್ಟ ಮುದ್ರೆಯನ್ನು, ಅದರ ಅಧಿಕಾರವಿಲ್ಲದ ರಾಜ್ಯದಲ್ಲಿ, ಸರ್ಕಾರಿ ಅಳತೆ ಎಂಬ ನಂಬಿಕೆ ಹುಟ್ಟುವಂತೆ ಬಳಸಲಾಗಿದೆ. ಇದನ್ನು ಮುಂದಿಟ್ಟು, ನಕ್ಷೆಯ ಪ್ರತಿ, ಹಣ ಕೊಟ್ಟದ್ದಕ್ಕೆ ರಶೀದಿ ಅಥವಾ ಬ್ಯಾಂಕ್ ದಾಖಲೆ, ಮಾತುಕತೆಯ ಸಂದೇಶಗಳನ್ನು ಲಗತ್ತಿಸಿ. ನೋಟಿಸ್ ಕೊಡದೆ, ಅವರ ಉತ್ತರ ಕೇಳದೆ ಯಾರ ಲೈಸೆನ್ಸನ್ನೂ ರದ್ದು ಮಾಡಲಾಗದು. ಆ ಅವಕಾಶ ಅವರ ಹಕ್ಕು, ಅದಕ್ಕೆ ತಗಲುವ ಸಮಯವನ್ನು ನೀವು ಸಹಿಸಿಕೊಳ್ಳಬೇಕು. ಲೈಸೆನ್ಸೇ ಇಲ್ಲ, ಮುದ್ರೆ ನಕಲಿ ಎಂದು ತಿಳಿದುಬಂದರೆ ವಿಷಯ ಶಿಸ್ತಿನ ಮಟ್ಟ ದಾಟಿತು. ಅದು ವಂಚನೆ ಮತ್ತು ನಕಲಿ ದಾಖಲೆಯ ಅಪರಾಧ, ನಿಮ್ಮ ಠಾಣೆಯಲ್ಲಿಯೇ ದೂರು ಕೊಡಬಹುದು.

ಈಗ ನಿಮ್ಮ ಗುಡ್ಡಕ್ಕೆ ಬರುತ್ತೇನೆ. ಎರಡು ಸೆಂಟ್ಸ್ ಎಂಬ ಅಂಕಿಯನ್ನು ಓದಿದಾಗಲೇ ನನಗೆ ಒಂದು ಸಂಶಯ ಬಂದಿತ್ತು. ನೀವು ಕಳುಹಿಸಿದ ನಕ್ಷೆಯ ಪ್ರಕಾರ ನೆರೆಯವರ ಜಾಗ ಗುಡ್ಡದ ನೆತ್ತಿಯ ಕಲ್ಲಿನಿಂದ ನಿಮ್ಮ ಗಡಿಯವರೆಗೆ ಹಳೆಯ ಫೀಲ್ಡ್ ಮೆಷರ್‌ಮೆಂಟ್ ಬುಕ್ಕಿನಲ್ಲಿ (ಸರ್ವೆ ಇಲಾಖೆಯ ಅಳತೆ ಪುಸ್ತಕದಲ್ಲಿ) 60 ಮೀಟರ್, ಸ್ಥಳದಲ್ಲಿ ಸುಮಾರು 62 ಮೀಟರ್. ಜಾಗದ ಅಗಲ ಸುಮಾರು 40 ಮೀಟರ್. ಸರ್ವೆ ಪುಸ್ತಕದಲ್ಲಿರುವ ಉದ್ದಗಳೆಲ್ಲ ಸಮತಲದ ಉದ್ದಗಳು, ನೆಲವನ್ನು ಚಪ್ಪಟೆಯಾಗಿ ಕಲ್ಪಿಸಿ ಬರೆದವು. ಇಳಿಜಾರಿನಲ್ಲಿ ಅಳೆಯುವವರು ಟೇಪನ್ನು ಮಟ್ಟವಾಗಿ ಹಿಡಿದು, ತುದಿಯಿಂದ ತೂಗುಗುಂಡು ಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಇಲ್ಲವೇ ಇಳಿಜಾರಿನ ಕೋನವನ್ನು ಅಳೆದು ಲೆಕ್ಕದಲ್ಲಿ ಕಳೆಯಬೇಕು. ಟೇಪನ್ನು ನೆಲಕ್ಕೆ ತಾಗಿಸಿಯೇ ಎಳೆದರೆ ಬರುವುದು ಇಳಿಜಾರಿನ ಉದ್ದ. 15 ಡಿಗ್ರಿ ಇಳಿಜಾರು ನಮ್ಮ ಗುಡ್ಡಗಳಲ್ಲಿ ಏನೂ ವಿಶೇಷವಲ್ಲ. ಅಂಥಲ್ಲಿ ಸಮತಲದ 60 ಮೀಟರ್ ಜಾಗವನ್ನು ನೆಲದ ಮೇಲೆಯೇ ಅಳೆದರೆ ಟೇಪು ತೋರಿಸುವುದು 62.1 ಮೀಟರ್. ಹೆಚ್ಚಾಗಿ ಕಂಡ 2.1 ಮೀಟರನ್ನು 40 ಮೀಟರ್ ಅಗಲದಿಂದ ಗುಣಿಸಿದರೆ ಸುಮಾರು 84 ಚದರ ಮೀಟರ್. ಒಂದು ಸೆಂಟ್ ಎಂದರೆ 40.47 ಚದರ ಮೀಟರ್. ಅಲ್ಲಿಗೆ ನಿಮ್ಮ ‘ಎರಡು ಸೆಂಟ್ಸ್ ಒತ್ತುವರಿ’ ಹುಟ್ಟಿತು, ನೆರೆಯವರು ಒಂದು ಅಡಿಯೂ ಇಳಿಯದೆ.

ನಿಮ್ಮ ವಿಷಯದಲ್ಲಿ ಹೀಗೆಯೇ ಆಗಿದೆ ಎಂದು ನಾನು ತೀರ್ಪು ಕೊಡುತ್ತಿಲ್ಲ. ಆದರೆ ಅಂಕಿಗಳು ಇಷ್ಟು ಹತ್ತಿರ ಬಂದಾಗ ಕೇಳಲೇಬೇಕಾದ ಪ್ರಶ್ನೆ ಇದು. ಅಳತೆಯ ದಿನ ಟೇಪು ಗೇರುಮರಗಳ ಬುಡದಲ್ಲಿ ನೆಲದ ಮೇಲೆಯೇ ಮಲಗಿತ್ತೇ, ಅಥವಾ ಇಬ್ಬರು ಅದನ್ನು ಎತ್ತಿ ಹಿಡಿದಿದ್ದರೇ ಎಂಬುದನ್ನು ನೆನಪು ಮಾಡಿಕೊಳ್ಳಿ. ಜೊತೆಗೆ, ಅವರು ಹೊರಟದ್ದು ಒಂದೇ ಕಲ್ಲಿನಿಂದಲೇ, ಅಥವಾ ಇನ್ನೆರಡು ಹಳೆಯ ಕಲ್ಲುಗಳನ್ನು ಹುಡುಕಿ ಅವುಗಳ ನಡುವಿನ ದೂರ ಪುಸ್ತಕಕ್ಕೆ ಹೊಂದುತ್ತದೆಯೇ ಎಂದು ನೋಡಿದರೇ? ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ತೋಡಿನ ಬದಿಯ ಒಂದು ಕಲ್ಲನ್ನು ನಂಬಿ ಇಡೀ ದಿನ ಅಳೆದಿದ್ದೆ. ಸಂಜೆ ಮೇಲಧಿಕಾರಿ ಬಂದು, ಆ ಕಲ್ಲಿನ ಬುಡವನ್ನು ಒಂದು ಮೊಳ ಅಗೆಸಿದರು. ಕೆಳಗೆ ಹೊಸ ಮಣ್ಣು, ತೆಂಗಿನ ಗರಿಯ ಚೂರು. ಯಾರೋ ಕಿತ್ತು ನೆಟ್ಟ ಕಲ್ಲು ಅದು. ಮೂರು ಗಡಿಗಳು ಕೂಡುವ ಕಲ್ಲಿನಿಂದ ಮರುದಿನ ಮತ್ತೆ ಅಳೆದೆ. ಆ ಪಕ್ಷಗಾರರಿಗೆ ಆ ಒಂದು ರಾತ್ರಿಯ ಮಟ್ಟಿಗೆ ನಾನು ತಪ್ಪು ಗಡಿ ಹೇಳಿದ್ದೆ ಎಂಬುದು ಇಷ್ಟು ವರ್ಷದ ನಂತರವೂ ನನ್ನನ್ನು ಚುಚ್ಚುತ್ತದೆ.

ಇದನ್ನು ಹೇಳಲು ಕಾರಣವಿದೆ. ಶಿಸ್ತಿನ ವಿಚಾರಣೆಯೇ ಇರಲಿ, ನಷ್ಟದ ದಾವೆಯೇ ಇರಲಿ, ಎಲ್ಲದರ ತಿರುಳು ಇಲ್ಲಿದೆ: ಆದ ತಪ್ಪು, ಎಚ್ಚರದಿಂದ ಕೆಲಸ ಮಾಡುವವರಿಗೂ ಆಗಬಹುದಾದದ್ದೋ, ಅಥವಾ ಈ ವೃತ್ತಿಯ ಮೊದಲ ಪಾಠವನ್ನೇ ಬಿಟ್ಟದ್ದೋ? ಬರೀ ಫಲಿತಾಂಶ ಬೇರೆಯಾಯಿತು ಎಂಬುದು ಸಾಕಾಗುವುದಿಲ್ಲ. ಹಳೆಯ ಚೈನಿನ ಅಳತೆಗೂ ಈಗಿನ ಟೋಟಲ್ ಸ್ಟೇಷನ್ ಎಂಬ ಎಲೆಕ್ಟ್ರಾನಿಕ್ ಉಪಕರಣದ ಅಳತೆಗೂ ಅಷ್ಟಿಷ್ಟು ವ್ಯತ್ಯಾಸ ಬರುವುದು ಸಹಜ. ಇಳಿಜಾರನ್ನು ಲೆಕ್ಕಿಸದಿರುವುದು, ಒಂದೇ ಕಲ್ಲನ್ನು ನಂಬುವುದು, ಸಾಮಾನ್ಯ ಮೊಬೈಲ್ ಫೋನಿನ ಜಿಪಿಎಸ್‌ನಿಂದ ಗಡಿ ಗುರುತಿಸುವುದು (ಅದರಲ್ಲಿ ಹಲವು ಮೀಟರುಗಳ ಹೆಚ್ಚುಕಡಿಮೆ ಸಾಮಾನ್ಯ) ಸಹಜ ವ್ಯತ್ಯಾಸದ ಪಟ್ಟಿಗೆ ಬರುವುದಿಲ್ಲ. ಇವನ್ನು ನಾನು ನಿರ್ಲಕ್ಷ್ಯ ಎಂದೇ ಕರೆಯುತ್ತೇನೆ.

ಆ ನಿರ್ಲಕ್ಷ್ಯವನ್ನು ತೋರಿಸಬಲ್ಲಿರಾದರೆ ಹಣದ ಪರಿಹಾರಕ್ಕೆ ನಿಮಗೆ ಹತ್ತಿರದ ಬಾಗಿಲು ಕಾಸರಗೋಡಿನ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ. ಹಣ ಕೊಟ್ಟು ಪಡೆದ ಸೇವೆಯಲ್ಲಿ ಕೊರತೆಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಆ ಕಾಯ್ದೆಯ ದೊಡ್ಡ ಅನುಕೂಲವೆಂದರೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಎದುರು ಪಕ್ಷದವರು ಕರ್ನಾಟಕದಲ್ಲಿದ್ದಾರೆ ಎಂದು ನೀವು ಮಂಗಳೂರಿಗೋ ಪುತ್ತೂರಿಗೋ ಓಡಾಡಬೇಕಾಗಿಲ್ಲ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು, ಆದ್ದರಿಂದ ಮಾತುಕತೆಯಲ್ಲಿ ದಿನ ಕಳೆಯಬೇಡಿ. ಕೊಟ್ಟ 8,000 ರೂಪಾಯಿಯ ಜೊತೆಗೆ ಗೋಡೆಯ ಖರ್ಚು, ತೆಗೆಸುವ ಖರ್ಚನ್ನೂ ಕೇಳಬಹುದು. ಕೇಳಿದ್ದೆಲ್ಲ ಸಿಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಅಧಿಕಾರವಿಲ್ಲದ ನಕ್ಷೆಯನ್ನು ನಂಬಿ, ನೆರೆಯವರಿಗೆ ಒಂದು ಮಾತೂ ಹೇಳದೆ ಗೋಡೆ ಕಟ್ಟಿದ್ದು ನಿಮ್ಮ ಕಡೆಯ ಅವಸರ ಎಂದು ಎದುರಾಳಿ ಖಂಡಿತ ವಾದಿಸುತ್ತಾರೆ, ಮತ್ತು ಆ ವಾದದಲ್ಲಿ ಹುರುಳಿಲ್ಲ ಎಂದು ಹೇಳಲಾಗದು. ನಿಮಗೆ ಬಲ ಕೊಡುವುದು ಆ ಮುದ್ರೆಯೇ. ‘ಸರ್ಕಾರಿ ಪರವಾನಗಿ’ ಎಂದು ಬರೆದಿದ್ದರಿಂದಲೇ ನಂಬಿದೆವು ಎಂಬುದು ಸತ್ಯ, ಅದನ್ನು ಹಾಗೆಯೇ ಬರೆಯಿರಿ.

ತಾಲೂಕು ಸರ್ವೆಯರರ ವಿಷಯ ಸಂಪೂರ್ಣ ಬೇರೆ. ಅವರಿಗೆ ಲೈಸೆನ್ಸ್ ಇಲ್ಲ, ಬೇಕಾಗಿಯೂ ಇಲ್ಲ; ಅವರು ಸರ್ಕಾರಿ ನೌಕರರು. ಅವರ ಶಿಸ್ತು 1960ರ ಕೇರಳ ಸಿವಿಲ್ ಸರ್ವೀಸಸ್ ನಿಯಮಗಳಿಗೆ ಮತ್ತು ಅದೇ ವರ್ಷದ ನಡತೆ ನಿಯಮಗಳಿಗೆ ಒಳಪಟ್ಟದ್ದು. ಛೀಮಾರಿ, ವೇತನ ಬಡ್ತಿ ತಡೆ, ಸರ್ಕಾರಕ್ಕೆ ಆದ ನಷ್ಟದ ವಸೂಲಿ ಮುಂತಾದವು ಸಣ್ಣ ಶಿಕ್ಷೆಗಳು; ಕೆಳದರ್ಜೆಗೆ ಇಳಿಸುವುದು, ಕಡ್ಡಾಯ ನಿವೃತ್ತಿ, ತೆಗೆದುಹಾಕುವುದು, ವಜಾ ಮಾಡುವುದು ದೊಡ್ಡವು. ಕೊನೆಯ ಎರಡಕ್ಕೂ ವ್ಯತ್ಯಾಸವಿದೆ: ವಜಾ ಆದವರಿಗೆ ಸಾಮಾನ್ಯವಾಗಿ ಮುಂದೆ ಸರ್ಕಾರಿ ಕೆಲಸದ ಬಾಗಿಲು ಮುಚ್ಚುತ್ತದೆ. ದೊಡ್ಡ ಶಿಕ್ಷೆಗೆ ಮೊದಲು ಆಪಾದನೆಯ ಮೆಮೊ, ಉತ್ತರ, ವಿಚಾರಣೆ ಎಲ್ಲವೂ ನಡೆಯಬೇಕು. ಸಂವಿಧಾನದ 311ನೆಯ ವಿಧಿ ಆ ರಕ್ಷಣೆಯನ್ನು ಕೊಟ್ಟಿದೆ. ದೂರು ಕೊಟ್ಟವರು ಅಲ್ಲಿ ವಾದಿಯಾಗುವುದಿಲ್ಲ, ಸಾಕ್ಷಿಯಾಗುತ್ತಾರೆ. ಇದು ನಮ್ಮ ಜನರಿಗೆ ಬಹಳ ಬೇಸರ ತರಿಸುವ ಸಂಗತಿ, ಆದರೆ ವ್ಯವಸ್ಥೆ ಇರುವುದು ಹಾಗೆ.

ಯಾವ ತಪ್ಪು ದುರ್ನಡತೆಯಾಗುತ್ತದೆ ಎಂಬುದರ ಬಗ್ಗೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಇಲಾಖೆಯ ವಿಚಾರಣೆಗಳಲ್ಲಿ ಪದೇ ಪದೇ ಉಲ್ಲೇಖಿಸುತ್ತಾರೆ. 1979ರ ಜೆ. ಅಹಮದ್ ಪ್ರಕರಣದಲ್ಲಿ ನ್ಯಾಯಾಲಯವು ದಕ್ಷತೆಯ ಕೊರತೆಯಾಗಲಿ ತೀರ್ಮಾನದಲ್ಲಾದ ತಪ್ಪಾಗಲಿ ತಾನಾಗಿಯೇ ದುರ್ನಡತೆಯಾಗದು ಎಂದಿತು; ಅದರ ಜೊತೆಗೆ ಕೆಟ್ಟ ಉದ್ದೇಶವೋ, ಗಂಭೀರ ಪರಿಣಾಮ ತರುವಂಥ ಬೇಜವಾಬ್ದಾರಿಯೋ ಇರಬೇಕು. 1993ರ ಕೆ.ಕೆ. ಧವನ್ ಪ್ರಕರಣದಲ್ಲಿ, ನ್ಯಾಯಾಂಗದಂಥ ಅಧಿಕಾರ ಚಲಾಯಿಸುವ ಅಧಿಕಾರಿಯೂ ಶಿಸ್ತುಕ್ರಮದಿಂದ ಮುಕ್ತರಲ್ಲ ಎಂದಿತು. ಪ್ರಾಮಾಣಿಕತೆಗೆ ಚ್ಯುತಿ ಬರುವಂತೆ, ಹೊಣೆಗೇಡಿತನದಿಂದ, ಅಥವಾ ಒಬ್ಬರಿಗೆ ಅನುಚಿತವಾಗಿ ಅನುಕೂಲವಾಗುವಂತೆ ನಡೆದುಕೊಂಡಿದ್ದರೆ ಕ್ರಮ ಸಾಧ್ಯ. ನಿಮ್ಮ ವಿಷಯದಲ್ಲಿ ಇಲ್ಲಿಯವರೆಗೆ ಇರುವುದು ನೋಟಿಸ್ ಬಾರದಿರುವುದು ಮಾತ್ರ. ಅದು ಸಣ್ಣ ಲೋಪವಲ್ಲ, ಏಕೆಂದರೆ ವಿವಾದದ ಗಡಿಯನ್ನು ಒಬ್ಬರ ಬೆನ್ನ ಹಿಂದೆ ನಿರ್ಧರಿಸುವಂತಿಲ್ಲ. ಆದರೂ ಅದು ನಿಮಗೆ ಉಪಯೋಗಕ್ಕೆ ಬರುವುದು ಗಡಿ ತಿದ್ದಿಸುವ ದಾರಿಯಲ್ಲಿ, ಸರ್ವೆಯರರನ್ನು ಶಿಕ್ಷಿಸುವ ದಾರಿಯಲ್ಲಿ ಅಷ್ಟಾಗಿ ಅಲ್ಲ. ನೋಟಿಸನ್ನು ಕಳುಹಿಸಿದ್ದು ದಾಖಲೆಯಲ್ಲಿದ್ದು, ಅದು ನಿಮ್ಮ ಮನೆಗೆ ತಲಪದೆ ಹೋಗಿದ್ದರೆ, ಸರ್ವೆಯರರ ಮೇಲಿನ ದೂರು ಅಲ್ಲಿಗೇ ಮುಗಿಯಿತು.

ಹಣ ಕೇಳಿದ್ದರೆ ಮಾತ್ರ ಬೇರೆ ಮಾತು. ನೀವು ಹಾಗೆ ಬರೆದಿಲ್ಲ, ಆದ್ದರಿಂದ ಇದು ಇತರ ಓದುಗರಿಗಾಗಿ. ಲಂಚ ಕೇಳಿದ ಸರ್ವೆಯರರ ಮೇಲೆ ತಹಶೀಲ್ದಾರರಿಗೆ ಅರ್ಜಿ ಬರೆಯುತ್ತ ಕೂರಬೇಕಾಗಿಲ್ಲ. ವಿಜಿಲೆನ್ಸ್ ವಿಭಾಗಕ್ಕೆ, 1064 ಎಂಬ ಉಚಿತ ಸಂಖ್ಯೆಗೆ, ನೇರವಾಗಿ ಹೇಳಿ. 2018ರ ತಿದ್ದುಪಡಿಯ ಬಳಿಕ ಭ್ರಷ್ಟಾಚಾರ ನಿಗ್ರಹ ಕಾಯ್ದೆಯಡಿ ಕೊಟ್ಟವರೂ ಅಪರಾಧಿಗಳು. ಒತ್ತಾಯಕ್ಕೆ ಮಣಿದು ಕೊಟ್ಟವರು ಏಳು ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ಆ ಹೊಣೆಯಿಂದ ಪಾರಾಗುತ್ತಾರೆ. ‘ಕೆಲಸ ಆಗಲಿ, ಆಮೇಲೆ ನೋಡುವ’ ಎಂದುಕೊಂಡು ವಾರ ಕಳೆದವರು ತಾವೇ ಸಿಕ್ಕಿಬೀಳುವ ಸಂಭವವಿದೆ.

ಗಡಿ ತಿದ್ದಿಸುವ ದಾರಿಯಲ್ಲಿ ನಿಮ್ಮ ಮೊದಲ ಹೆಜ್ಜೆ ದಾಖಲೆಗಳನ್ನು ಕೈಗೆ ತೆಗೆದುಕೊಳ್ಳುವುದು. ತಾಲೂಕು ಕಚೇರಿಯಿಂದ ಮಾಹಿತಿ ಹಕ್ಕಿನಡಿ ಆ ಅಳತೆಯ ಫೀಲ್ಡ್ ಟಿಪ್ಪಣಿ, ಸ್ಥಳದಲ್ಲಿ ಬರೆದ ಮಹಜರು, ಯಾವ ಕಲ್ಲುಗಳನ್ನು ಆಧಾರವಾಗಿ ಹಿಡಿದರು ಎಂದು ತೋರಿಸುವ ಸ್ಕೆಚ್, ನೋಟಿಸ್ ಜಾರಿಯಾದದ್ದಕ್ಕೆ ದಾಖಲೆ, ಇಷ್ಟನ್ನು ಕೇಳಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಬರಬೇಕು. ಇಲ್ಲಿ ಭಾಷೆಯ ಒಂದು ಸೂಕ್ಷ್ಮವಿದೆ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ತಹಶೀಲ್ದಾರರಿಗೆ ಕೊಡುವ ಆಕ್ಷೇಪವನ್ನು ನೀವು ನಿಶ್ಚಿಂತೆಯಿಂದ ಕನ್ನಡದಲ್ಲಿ ಬರೆಯಬಹುದು. ಮಾಹಿತಿ ಹಕ್ಕಿನ ಅರ್ಜಿಗೆ ಮಾತ್ರ ಆ ಕಾಯ್ದೆ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ ಎಂದು ಹೇಳಿರುವುದರಿಂದ, ತಕರಾರಿಗೆ ಎಡೆಗೊಡದಂತೆ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಬರೆಸಿ ಕನ್ನಡದ ಪ್ರತಿಯನ್ನು ಜೊತೆಗಿಡಿ.

ದಾಖಲೆ ಬಂದ ಮೇಲೆ, ನೋಟಿಸ್ ಇಲ್ಲದೆ ನಡೆದ ಅಳತೆಯನ್ನು ಬದಿಗಿಟ್ಟು ಎರಡೂ ಪಕ್ಷದವರ ಎದುರಿನಲ್ಲಿ ಮರು ಅಳತೆ ಮಾಡಿಸಬೇಕೆಂದು ತಹಶೀಲ್ದಾರರಿಗೆ ಬರೆಯಿರಿ. ಅಲ್ಲಿಯೂ ಒಪ್ಪಿಗೆಯಾಗದಿದ್ದರೆ ಸಿವಿಲ್ ನ್ಯಾಯಾಲಯ ಇದ್ದೇ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೆಯ ಆದೇಶದ 9ನೆಯ ನಿಯಮದಂತೆ ನ್ಯಾಯಾಲಯ ವಕೀಲರೊಬ್ಬರನ್ನು ಕಮಿಷನರರಾಗಿ ನೇಮಿಸುತ್ತದೆ, ಅವರು ಸರ್ವೆಯರರ ಸಹಾಯದಿಂದ ಅಳೆಸಿ ನಕ್ಷೆ ಮತ್ತು ವರದಿ ಕೊಡುತ್ತಾರೆ. ಆ ವರದಿಗೆ ನೀವು ಆಕ್ಷೇಪ ಸಲ್ಲಿಸಬಹುದು, ಕಮಿಷನರರನ್ನು ಕಟಕಟೆಗೆ ಕರೆಸಿ ಪ್ರಶ್ನಿಸಲೂಬಹುದು. ಸರ್ವೆಯರರ ಕೆಲಸವನ್ನು ಅಂಗುಲ ಅಂಗುಲವಾಗಿ ಪರೀಕ್ಷಿಸುವ ಅವಕಾಶ ಇಷ್ಟು ಪೂರ್ತಿಯಾಗಿ ಬೇರೆಲ್ಲೂ ಸಿಗುವುದಿಲ್ಲ. ಇನ್ನೊಂದು ಮಾತು: ಸರ್ವೆ ಗಡಿಯನ್ನು ತೋರಿಸುತ್ತದೆ, ಹಕ್ಕನ್ನು ಕೊಡುವುದಿಲ್ಲ. ಮುಚ್ಚಿಹೋದ ಆ ಅಗಳಿನವರೆಗೆ ನಿಮ್ಮ ಹಿರಿಯರು ಎಷ್ಟು ಕಾಲದಿಂದ ಅನುಭವಿಸಿಕೊಂಡು ಬಂದಿದ್ದರು, ಆಧಾರಪತ್ರದಲ್ಲಿ (ನೋಂದಣಿಯಾದ ದಸ್ತಾವೇಜಿನಲ್ಲಿ) ಚೆಕ್ಕುಬಂದಿ ಏನೆಂದಿದೆ ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಇಳಿಜಾರಿನ ಆ ಭಾಗ ಹಳೆಯ ಕುಮ್ಕಿಯಾಗಿದ್ದರೆ ಮಾತ್ರ ಜೋಪಾನ. ಕುಮ್ಕಿಯಲ್ಲಿ ವರ್ಗದಾರರಿಗೆ ಇದ್ದದ್ದು ಸೊಪ್ಪು ಸೌದೆಯ ಸವಲತ್ತು, ನೆಲ ಸರ್ಕಾರದ್ದು. ಆಗ ಜಗಳ ನೆರೆಯವರೊಂದಿಗೆ ನಿಲ್ಲುವುದಿಲ್ಲ.

ನಿಮ್ಮ ಗ್ರಾಮದಲ್ಲಿ ಡಿಜಿಟಲ್ ಸರ್ವೆ ಆಗಿದೆಯೇ ಎಂಬುದನ್ನೂ ವಿಲ್ಲೇಜ್ ಆಫೀಸಿನಲ್ಲಿ ಕೇಳಿ. 2022ರ ನವೆಂಬರಿನಲ್ಲಿ ಕೇರಳದಲ್ಲಿ ಆರಂಭವಾದ ಈ ಕೆಲಸದಲ್ಲಿ ಉಪಗ್ರಹ ಸಂಕೇತದ ಉಪಕರಣಗಳಿಂದ ಸೆಂಟಿಮೀಟರ್ ಮಟ್ಟದ ಅಳತೆಯಾಗುತ್ತದೆ. ಕಂದಾಯ, ನೋಂದಣಿ, ಸರ್ವೆ ಮೂರನ್ನೂ ಒಂದುಗೂಡಿಸಿದ ‘ಎಂಡೆ ಭೂಮಿ’ ಪೋರ್ಟಲ್ 2024ರಲ್ಲಿ ಮೊದಲು ಚಾಲನೆಗೆ ಬಂದದ್ದು ನಮ್ಮದೇ ಮಂಜೇಶ್ವರ ತಾಲೂಕಿನ ಉಜಾರ್ ಉಳುವಾರಿನಲ್ಲಿ. ಉಪಕರಣ ಎಷ್ಟೇ ನಿಖರವಾಗಿರಲಿ, ಅದು ಅಳೆಯುವುದು ನೆಲದ ಮೇಲೆ ನೀವು ತೋರಿಸಿದ ಗಡಿಯನ್ನು. ಅಳತೆಯ ದಿನ ಗೋಡೆಯೇ ಗಡಿ ಎಂದು ನೀವೂ, ಅಗಳೇ ಗಡಿ ಎಂದು ಅವರೂ ತೋರಿಸಿದರೆ ಅದು ವಿವಾದದ ಗಡಿಯಾಗಿ 10ನೆಯ ಕಲಮಿಗೆ ಹೋಗುತ್ತದೆ. 9ನೆಯ ಕಲಮಿನ ಎರಡನೆಯ ಉಪಕಲಮಿನಂತೆ ಕರಡು ದಾಖಲೆ ಪ್ರಕಟವಾದಾಗ ಹೋಗಿ ನೋಡಿ, ತಪ್ಪಿದ್ದರೆ ಅಲ್ಲಿಯೇ ಲಿಖಿತ ಆಕ್ಷೇಪ ಕೊಡಿ. 13ನೆಯ ಕಲಮಿನ ಅಂತಿಮ ಪ್ರಕಟಣೆ ಬಂದ ಮೇಲೆ ತಿದ್ದಿಸುವುದು ಬಹಳ ಕಷ್ಟ. ಮಹಜರಿಗೆ ಸಹಿ ಹಾಕುವಾಗ, ಅದು ನಿಮಗೆ ಬಾರದ ಲಿಪಿಯಲ್ಲಿದ್ದರೆ ಓದಿ ಹೇಳಲು ಕೇಳಿ, ಒಪ್ಪದ ಮಾತಿದ್ದರೆ ಸಹಿಯ ಮೇಲೆ ನಿಮ್ಮದೇ ಕೈಬರಹದ ಕನ್ನಡದಲ್ಲಿ ‘ಗಡಿಯ ಬಗ್ಗೆ ನನ್ನ ಆಕ್ಷೇಪ ಇದೆ’ ಎಂದು ಬರೆದು ದಿನಾಂಕ ಹಾಕಿ. ಬರೀ ಸಹಿ ಒಪ್ಪಿಗೆಯಾಗಿ ಓದಲ್ಪಡುತ್ತದೆ.

ಗೋಡೆಯನ್ನು ಈಗಲೇ ಕೆಡವಬೇಡಿ, ಮುಂದಕ್ಕೆ ಒಂದು ಕಲ್ಲನ್ನೂ ಇಡಬೇಡಿ. ಮರು ಅಳತೆ ಆಗುವವರೆಗೆ ಅದು ಹಾಗೆಯೇ ಇರಲಿ ಎಂದು ನೆರೆಯವರಿಗೆ ಮನೆಗೆ ಹೋಗಿ ಹೇಳಿ; ಹೇಳಿದ್ದನ್ನು ಒಂದು ಕಾಗದದಲ್ಲಿ ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ಗೋಡೆ ಕಟ್ಟುವಾಗ ಯಾವುದಾದರೂ ಗಡಿಕಲ್ಲನ್ನು ಕಿತ್ತು ಬದಿಗೆ ಇಟ್ಟಿದ್ದರೆ ಅದನ್ನು ಮುಚ್ಚಿಡಬೇಡಿ. ಸರ್ಕಾರ ನೆಟ್ಟ ಗಡಿಕಲ್ಲನ್ನು ಬೇಕೆಂದು ಕೀಳುವುದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ, ಮತ್ತು ನೆರೆಯವರ ವಕೀಲರು ಮೊದಲು ಹುಡುಕುವುದು ಅದನ್ನೇ. ಆ ಕಲ್ಲು ಮೊದಲು ಇದ್ದ ಗುಂಡಿ ಇನ್ನೂ ಗುರುತಿಗೆ ಸಿಗುವಂತಿದ್ದರೆ, ಮಳೆ ಶುರುವಾಗುವ ಮೊದಲು ಅದರ ಮೇಲೊಂದು ಅಡಿಕೆ ಹಾಳೆ ಹೊದೆಸಿ, ಪಕ್ಕದ ಅಡಿಕೆ ಮರದಿಂದ ಎಷ್ಟು ಅಡಿ ಎಂದು ಅಳೆದು ಬರೆದಿಟ್ಟುಕೊಂಡು, ಮರು ಅಳತೆಗೆ ಬರುವ ಸರ್ವೆಯರರಿಗೆ ಮೊದಲು ಆ ಗುಂಡಿಯನ್ನೇ ತೋರಿಸಿ.